ಅಕ್ಕನ ಕಾಲು ಕಾಣಲಿ ಎಂದವರು

ನಾನು ಚಿಕ್ಕವನಿದ್ದಾಗ ಜಿಲೇಬಿ ಎಂದರೆ ಪ್ರಾಣ ಬಿಡುತ್ತಿದ್ದೆ. ಈಗ ಅದರ ವಾಸನೆ ಬಂದರೂ ಎದ್ದು ಆಚೆ ಹೋಗುತ್ತೇನೆ. ಅಹಮದಾಬಾದಿನಲ್ಲಿದ್ದು ಜಿಲೇಬಿ ಬೇಡವೆನ್ನುವ ಮುದುಕ ನಾನೊಬ್ಬನೇ ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ. ಏಕೆಂದು ಇವತ್ತು ಹೇಳಿಯೇ ಬಿಡುತ್ತೇನೆ.

ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ಧಾರವಾಡದ ಕಡೆಯಿಂದ ವರ್ಗವಾಗಿ ಬಂದು ಸಾಬರಮತಿಯ ಕ್ವಾರ್ಟರ್ಸಿನಲ್ಲಿದ್ದೆವು. ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನೇಳು. ಕೂಸಾಗಿದ್ದಾಗ ಬಂದ ಪೋಲಿಯೋದಿಂದ ಅವಳ ಎರಡೂ ಕಾಲುಗಳು ಸೊರಗಿದ್ದವು. ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟುಗಳ ಕ್ಯಾಲಿಪರ್ ಕಟ್ಟಿಕೊಂಡು, ಊರುಗೋಲು ಹಿಡಿದು ನಡೆಯುತ್ತಿದ್ದಳು. ಆದರೆ ಅವಳ ತೋಳುಗಳನ್ನು ನೀವು ನೋಡಬೇಕಿತ್ತು. ಬೆಳಿಗ್ಗೆ ರೈಲ್ವೆ ಮೈದಾನದಲ್ಲಿ ಕುರ್ಚಿಯ ಮೇಲೆ ಕೂತು ಗುಂಡು ಎಸೆಯುತ್ತಿದ್ದಳು. ಕುರ್ಚಿ ಮಗುಚದಂತೆ ಹಿಂದಿನ ಕಾಲುಗಳನ್ನು ಹಿಡಿದು ಕೂರುವುದು ನನ್ನ ಕೆಲಸ. ಅವಳ ಬೆನ್ನಿನ ಹಿಂದೆ ಕೂತ ನನಗೆ ಗುಂಡು ನೆಲಕ್ಕೆ ಬಿದ್ದ ದಪ್ಪೆಂಬ ಸದ್ದು ಮಾತ್ರ ಕೇಳುತ್ತಿತ್ತು.

ಅಂಗವಿಕಲರ ಅಂತರರಾಷ್ಟ್ರೀಯ ಕ್ರೀಡಾಕೂಟಗಳಿಗೆ ನಮ್ಮ ದೇಶದಿಂದ ಬೆರಳೆಣಿಕೆಯಷ್ಟು ಜನ ಹೋಗುತ್ತಿದ್ದ ಕಾಲವದು. ಅಷ್ಟರಲ್ಲಾಗಲೇ ಅಲ್ಲಿಂದ ದೇಶಕ್ಕೆ ಚಿನ್ನ ಬಂದಿತ್ತಂತೆ; ನಮ್ಮ ಶಾಲೆಯಲ್ಲಿ ಯಾರಿಗೂ ಅದರ ಸುದ್ದಿ ಗೊತ್ತಿರಲಿಲ್ಲ. ಅಂಥ ಒಂದು ಕೂಟಕ್ಕೆ ಅಕ್ಕ ಆಯ್ಕೆಯಾದಳು. ಕಳಿಸುವ ಸಂಘದ ಕಾರ್ಯದರ್ಶಿಗಳು ಪಾಸ್‌ಪೋರ್ಟನ್ನು ತಮ್ಮ ಬಳಿಯೇ ಇಟ್ಟುಕೊಂಡು, ಹೊರಡುವ ಮೊದಲು ಸನ್ಮಾನವಿದೆ, ಬನ್ನಿ ಎಂದರು. ಅಮ್ಮ ಹಸಿರು ರೇಷ್ಮೆಯ ಲಂಗ ಹೊಲಿದಳು. ಕ್ಯಾಲಿಪರ್ ಕಾಣಬಾರದೆಂದು ಅಕ್ಕನೇ ಹೇಳಿ ನೆಲ ಮುಟ್ಟುವಷ್ಟು ಉದ್ದ ಹೊಲಿಸಿಕೊಂಡಿದ್ದಳು.

ಆ ಸಭೆಯನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಮುಖ್ಯ ಅತಿಥಿಗಳು ಬರುವುದು ತಡವೆಂದು ಅಕ್ಕನನ್ನೂ ಇನ್ನೂ ಕೆಲವರನ್ನೂ ಬಿಸಿಲಿನ ಅಂಗಳದಲ್ಲಿ ಎರಡು ತಾಸು ಕೂರಿಸಿದರು. ಒಳಗೆ ಫ್ಯಾನಿನ ಕೆಳಗೆ ಸಂಘದವರು ಜಿಲೇಬಿ ತಿನ್ನುತ್ತಿದ್ದರು. ನನ್ನನ್ನೂ ಕರೆದು ಎರಡು ಕೊಟ್ಟರು. ಅಕ್ಕ ಹೊರಗೆ ಬೆವರುತ್ತಿದ್ದಾಳೆಂದು ಗೊತ್ತಿದ್ದೂ ನಾನು ತಿಂದೆ, ಬೆರಳನ್ನೂ ನೆಕ್ಕಿದೆ.

ವೇದಿಕೆಗೆ ಏಳು ಮೆಟ್ಟಿಲು. ಇಬ್ಬರು ಬಂದು, ಕೇಳದೆ ಹೇಳದೆ, ಅಕ್ಕನನ್ನು ಅಕ್ಕಿ ಮೂಟೆಯಂತೆ ಎತ್ತಿ ಮೇಲಿಟ್ಟರು. ಭಾಷಣಗಳಲ್ಲೆಲ್ಲ ಬರೀ ‘ಬಿಚಾರಿ’, ಪಾಪದವಳು, ಎಂಬ ಮಾತು. ಮುಖ್ಯ ಅತಿಥಿ ಪಾಕ ಮೆತ್ತಿದ ಕೈಯಿಂದಲೇ ಅವಳ ಕೆನ್ನೆ ತಟ್ಟಿದರು. ಆಮೇಲೆ ಉಡುಗೊರೆ ತಂದಿಟ್ಟರು: ಒಂದು ಹೊಲಿಗೆ ಯಂತ್ರ. ಅದೂ ಎಂಥದ್ದು, ಕಾಲಿನಿಂದ ತುಳಿಯುವಂಥದ್ದು! ಅದನ್ನು ತಂದವರಲ್ಲಿ ಒಬ್ಬನಿಗಾದರೂ ಬುದ್ಧಿ ಬೇಡವೇ? ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಫೋಟೋದವನು ಕ್ಯಾಮೆರಾ ಎತ್ತಿದಾಗ ಕಾರ್ಯದರ್ಶಿಗಳು ಅವನನ್ನು ತಡೆದರು. ಹುಡುಗಿ ಲಂಗವನ್ನು ಮೊಣಕಾಲಿನವರೆಗೆ ಸರಿಸಿಕೊಳ್ಳಲಿ, ಕಬ್ಬಿಣದ ಪಟ್ಟಿ ಕಾಣಲಿ, ಇಲ್ಲದಿದ್ದರೆ ಪೇಪರಿನಲ್ಲಿ ನೋಡಿದವರಿಗೆ ಇವಳಿಗೇನಾಗಿದೆಯೆಂದು ಹೇಗೆ ತಿಳಿಯಬೇಕು ಎಂದರು. ಅಕ್ಕ ಅಲುಗಾಡಲಿಲ್ಲ. ಅವರು ಅಪ್ಪನ ಕಡೆ ನೋಡಿದರು.

ಹೊಟ್ಟೆಪಾಡಿಗೆ ಬಂದ ಊರಿನಲ್ಲಿ ಯಾರಿಗೂ ಇಲ್ಲವೆನ್ನಬಾರದು ಎಂಬುದು ಅಪ್ಪನ ನಿಯಮ. ವೇದಿಕೆ ಹತ್ತಿ ಅಕ್ಕನ ಮುಂದೆ ಮಂಡಿಯೂರಿದರು. “ಒಂದ ಫೋಟೋ ಅಷ್ಟ, ಮಗಳ. ಪಾಸ್‌ಪೋರ್ಟ್ ಅವರ ಕೈಯಾಗ ಅದ,” ಎಂದು ಲಂಗದ ಅಂಚಿಗೆ ಕೈ ಹಾಕಿದರು.

ಅಕ್ಕ ಅವರ ಮಣಿಕಟ್ಟು ಹಿಡಿದಳು. “ನೀವರ ಬ್ಯಾಡ್ರಿ, ಅಪ್ಪಾ.”

ಅಪ್ಪ ಅಲ್ಲೇ ತಲೆ ಬಗ್ಗಿಸಿ ಕೂತುಬಿಟ್ಟರು. ಅಕ್ಕ ರವಿಕೆಯ ತೋಳನ್ನು ಭುಜದವರೆಗೆ ಮಡಚಿ, ಎಸೆಯುವುದು ಈ ಕೈ, ತೆಗೆಯುವುದಾದರೆ ಇದರ ಫೋಟೋ ತೆಗೆಯಿರಿ ಎಂದು ಹಿಂದಿಯಲ್ಲಿ ಹೇಳಿದಳು. ಸಭೆಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಕಾರ್ಯದರ್ಶಿಗಳ ಮುಖ ಕಪ್ಪಿಟ್ಟಿತು. ಎಷ್ಟು ಸೊಕ್ಕು ನೋಡಿ ಎಂದು ಅತಿಥಿಗಳ ಕಿವಿಯಲ್ಲಿ ಹೇಳಿದ್ದು ಮುಂದಿನ ಸಾಲಿನವರಿಗೂ ಕೇಳಿಸಿತು. ಹೊರಗೆ ಬಂದು ನಾನು ಗೋಡೆಯ ಪಕ್ಕದಲ್ಲಿ ತಿಂದದ್ದನ್ನೆಲ್ಲ ವಾಂತಿ ಮಾಡಿದೆ.

ಎರಡು ವಾರಕ್ಕೆ ಪಾಸ್‌ಪೋರ್ಟ್ ಅಂಚೆಯಲ್ಲಿ ವಾಪಸು ಬಂತು. ಜೊತೆಗೊಂದು ಕಾಗದ: ಆರೋಗ್ಯದ ಕಾರಣದಿಂದ ಹೆಸರನ್ನು ಕೈಬಿಡಲಾಗಿದೆ. ಅಕ್ಕನಿಗೆ ಒಂದು ನೆಗಡಿಯೂ ಇರಲಿಲ್ಲ. ಅವಳ ಜಾಗದಲ್ಲಿ ಕಾರ್ಯದರ್ಶಿಗಳ ಅಳಿಯ, ಸಹಾಯಕನೆಂಬ ಹೆಸರಿನಲ್ಲಿ, ವಿಮಾನ ಹತ್ತಿದನೆಂದು ಆಮೇಲೆ ತಿಳಿಯಿತು. ಥೂ, ಇಂಥವರ ಜನ್ಮಕ್ಕಿಷ್ಟು. ಅಕ್ಕ ಮತ್ತೆ ಯಾವ ಕೂಟಕ್ಕೂ ಹೋಗಲಿಲ್ಲ. ಅಪ್ಪ ಸಾಯುವವರೆಗೂ ಆ ದಿನದ ಮಾತೆತ್ತಲಿಲ್ಲ.

ಈಗ ನಾವು ಇದೇ ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ, ಹನ್ನೊಂದನೆಯ ಮಹಡಿಯಲ್ಲಿದ್ದೇವೆ. ಇಂಥ ಕೂಟ ನಡೆದಾಗ ಮೊಮ್ಮಕ್ಕಳು ಸೋಫಾದ ಮೇಲೆ ಬಿದ್ದುಕೊಂಡು ಫೋನಿನಲ್ಲೇ ಎಲ್ಲ ನೋಡುತ್ತಾರೆ. ನಮ್ಮ ದೇಶದವರು ಒಬ್ಬರಾದ ಮೇಲೊಬ್ಬರು ಪದಕ ಗೆಲ್ಲುತ್ತಾರೆ. ಆಟಗಾರರ ಹೆಸರು ಈ ಮಕ್ಕಳಿಗೆ ಬಾಯಿಪಾಠ. ನಮ್ಮ ಕಟ್ಟಡದವರ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ‘ಪಾಪ, ಕಾಲಿಲ್ಲದಿದ್ದರೂ’ ಎಂಬ ಸಂದೇಶಗಳು ಬರುತ್ತಲೇ ಇರುತ್ತವೆ. ಓದಿ ಹಲ್ಲು ಕಡಿಯುತ್ತೇನೆ.

ಕಳೆದ ವಾರ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಕಣ್ಣೊರೆಸಿಕೊಳ್ಳುತ್ತಾಳೆಂದುಕೊಂಡಿದ್ದೆ. ಅವಳು, “ಅಜ್ಜಾ, ನಿಮ್ಮ ಅಕ್ಕ ಎಷ್ಟು ಮೀಟರ್ ಥ್ರೋ ಮಾಡ್ತಿದ್ರು?” ಎಂದಳು.

ನನಗೆ ಗೊತ್ತಿರಲಿಲ್ಲ. ಆ ಸಭೆಯವರನ್ನು ಇಷ್ಟು ವರ್ಷ ಬೈದುಕೊಂಡು ತಿರುಗಿದ ನಾನೂ ಒಂದು ದಿನ ಅದನ್ನು ಕೇಳಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ವಡೋದರಾದಲ್ಲಿರುವ ಅಕ್ಕನಿಗೆ ಕೂಡಲೇ ಫೋನ್ ಹಚ್ಚಿ ಕೇಳಿದೆ.

“ಆರು ಮೀಟರ್ ಹದಿನಾಲ್ಕು ಸೆಂಟಿಮೀಟರ್,” ಎಂದಳು, ಒಂದು ಗಳಿಗೆಯೂ ಯೋಚಿಸದೆ. ಆಮೇಲೆ ಮೆಲ್ಲಗೆ ಕೇಳಿದಳು: “ಯಾರು ಕೇಳಲಿಕ್ಕತ್ತಾರ?”