ಗೋಡೆಯ ಮೇಲಿನ ಕಟ್ಲಾ

ಹುಮನಾಬಾದಿನ ಮೀನು ಬಜಾರಿನಲ್ಲಿ ನನಗೊಂದು ಕೆಟ್ಟ ಚಾಳಿ ಇದೆ. ಕೊಳ್ಳುವುದು ಅರ್ಧ ಕಿಲೋ, ಅಳೆಯುವುದು ಇಡೀ ಮೀನು. ಕಟ್ಲಾದ ಬಾಯಿಯಿಂದ ಬಾಲದವರೆಗೆ ಗೇಣು ಹಾಕಿ, "ಇದು ಎಷ್ಟ ದೊಡ್ಡದಾಗ್ತದ್ರಿ?" ಎಂದು ಕೇಳುತ್ತೇನೆ. ಅಂಗಡಿಯ ಮುದುಕ ಚಾಚಾ ನಕ್ಕು, "ನಿನ್ನ ಸೊಂಟದ ಮಟ ಬಂದದ್ದು ಒಂದೆರಡು ನೋಡೀನಿ ಬೇಟಿ. ಆಳೆತ್ತರದ್ದು ಬರೇ ಮಾತಿನಾಗ ಇರ್ತದ" ಎನ್ನುತ್ತಾರೆ. ಉತ್ತರ ಗೊತ್ತಿದ್ದೂ ಕೇಳುತ್ತೇನೆ. ಯಾರಾದರೂ ಒಬ್ಬರು ಆಳೆತ್ತರದ ಕಟ್ಲಾ ಕಂಡಿದ್ದೇನೆ ಎನ್ನಲಿ, ನನ್ನ ಅಪ್ಪ ಸುಳ್ಳುಗಾರನಲ್ಲ ಎಂದಾಗಲಿ ಎಂಬ ಆಸೆ.

ಅಪ್ಪ ಬಸವಕಲ್ಯಾಣದ ಕೆರೆಯಲ್ಲಿ ಬಲೆ ಬೀಸುತ್ತಿದ್ದ. ನಾನು ಒಂದನೇ ಇಯತ್ತೆಯಲ್ಲಿದ್ದಾಗ ಅವನಿಗೊಂದು ಭಾರಿ ಕಟ್ಲಾ ಸಿಕ್ಕಿತು. ಕೊಯ್ದು ಮಾರುವ ಮೊದಲು ಅದನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಬಾಲ ನೆಲಕ್ಕೆ ತಾಗುವಂತೆ ಅವ್ವನ ಕೈಯಲ್ಲಿ ನೆಟ್ಟಗೆ ಹಿಡಿಸಿ, ಸುತ್ತಲೂ ಇದ್ದಿಲಿನಿಂದ ಗೆರೆ ಎಳೆದ. ನಾಳೆ ಯಾರೂ ಅನುಮಾನ ಪಡಬಾರದಲ್ಲ!

ಆದರೆ ದಸರಾ ಬಂತೆಂದರೆ ಗೋಡೆಗೆ ಸುಣ್ಣ, ಮೀನು ಮಾಯ. ಬನ್ನಿ ಎಲೆ ಕೊಡುವ ದಿನ ಅಪ್ಪ ಮತ್ತೆ ಇದ್ದಿಲು ಹಿಡಿದು ಬರೆಯುತ್ತಿದ್ದ. ಮೀನು ಹೋದ ವರ್ಷಕ್ಕಿಂತ ಮೂರು ಬೆರಳು ಎತ್ತರವಾಗಿರುತ್ತಿತ್ತು. "ನಿಮ್ಮ ಮೀನ ಸತ್ತ ಮ್ಯಾಲೂ ಬೆಳ್ಯಾಕತ್ತದ ನೋಡ್ರಿ!" ಎಂದು ಓಣಿಯವರು ಕಾಡಿಸುತ್ತಿದ್ದರು. ಅಪ್ಪ ಮೀಸೆಯಲ್ಲೇ ನಗುತ್ತಿದ್ದ. ನಾಚಿಕೆಯೆಲ್ಲ ನನ್ನ ಪಾಲಿಗೆ.

ಮದುವೆಯಾಗಿ ಹುಮನಾಬಾದಿಗೆ ಬಂದ ಮೇಲೆ, ಒಂದು ದಸರೆಗೆ ಗಂಡನ ಮನೆಯವರೊಂದಿಗೆ ತವರಿಗೆ ಹೋದಾಗ, ಅವರ ಮುಂದೆಯೇ ಸಿಡಿದುಬಿಟ್ಟೆ. "ಸಾಕ್ ಮಾಡಪ್ಪ ಈ ಸುಳ್ಳು. ಇಷ್ಟ ದೊಡ್ಡ ಕಟ್ಲಾ ಯಾವ ಕೆರ್ಯಾಗ ಇರ್ತದ?" ಅಪ್ಪ ಬೆರಳಿನ ಮಸಿಯನ್ನು ಟವೆಲ್ಲಿಗೆ ಒರೆಸಿಕೊಂಡು ಹೊರಗೆ ಹೋದ. ಮುಂದಿನ ದಸರೆಗೆ ಅವನೇ ಇರಲಿಲ್ಲ. ಅವ್ವ ಆ ಗೋಡೆಗೆ ಮತ್ತೆ ಸುಣ್ಣ ತಾಕಿಸಲಿಲ್ಲ. ನನ್ನ ಬಾಯಿಂದ ಜಾರಿದ ಆ ಮಾತು ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ.

ಹೋದ ತಿಂಗಳು ತಮ್ಮ ಫೋನ್ ಮಾಡಿ, ಪಡಸಾಲೆಗೆ ಬಣ್ಣ ಹೊಡೆಸುತ್ತೇನೆ ಎಂದ. ಮರುದಿನವೇ ಬಸ್ ಹಿಡಿದೆ. ನಿಜವಾದ ಮೀನು ಎಷ್ಟಿತ್ತು ಎಂದು ಒಮ್ಮೆ ನೋಡಲೇಬೇಕಿತ್ತು. ಎಲ್ಲಕ್ಕೂ ಮೇಲಿನ ಮೀನಿನ ಬಾಯಿಯ ಗೆರೆಯನ್ನು ಮುಟ್ಟದೆ, ಅದರ ಕೆಳಗಿನ ಸುಣ್ಣವನ್ನು ಚಾಕುವಿನಿಂದ ಕೆರೆಯುತ್ತ ಹೋದೆ. ಒಂದೊಂದು ಪದರು ಉದುರಿದಂತೆ ಒಂದೊಂದು ಗಿಡ್ಡ ಮೀನು. ಎಲ್ಲಕ್ಕೂ ಒಳಗಿನದು ನನ್ನ ಸೊಂಟದ ಮಟ್ಟಕ್ಕಿತ್ತು. ಚಾಚಾ ಹೇಳಿದ್ದೇ ಸರಿ. ಚಾಕು ಕೆಳಗಿಟ್ಟು ಗೋಡೆಯ ಮುಂದೆ ಕೂತೆ.

ಚಹಾ ತಂದ ಅವ್ವ ಗೋಡೆ ನೋಡಿದಳು, ನನ್ನ ಮುಖ ನೋಡಿದಳು.

"ಖರೇ ಮೀನ ಅಷ್ಟೇ ಇತ್ತವಾ. ಅವತ್ತ ನೀ ಅದರ ಬಾಜೂಕ ನಿಂತು, ನಾನೂ ಮೀನಿನಷ್ಟ ಇದ್ದೀನಂತ ಕುಣದಿದ್ದಿ. ಮುಂದಿನ ವರ್ಷ ಅದು ನಿನಗಿಂತ ಗಿಡ್ಡ ಕಾಣಸ್ತು. ಪಾಪ, ಮೀನ ಬೆಳೀಲೇ ಇಲ್ಲಂತ ಅತ್ತಿ. ನಿನಗ ನೆನಪಿಲ್ಲೇನ?"

ನನಗೆ ನೆನಪಿರಲಿಲ್ಲ.

"ಅವತ್ತಿಂದ ನಿಮ್ಮಪ್ಪಾರಿಗಿ ಅದೇ ಕೆಲಸ. ಬನ್ನಿ ಕೊಟ್ಟು, ಕಾಲಿಗಿ ಬಿದ್ದು ನೀ ಎದ್ದ ನಿಂತಿ ಅಂದ್ರ ತಲಿ ಮ್ಯಾಲ ಕೈ ಇಡ್ತಿದ್ರು. ಆ ಕೈ ತಮ್ಮ ಎದಿಗಿ ಎಲ್ಲಿ ಬಂತಂತ ನೋಡಕೊಂಡು, ಹೋಗಿ ಗೋಡಿಗಿ ಅಷ್ಟೇ ಎತ್ತರಕ್ಕ ಗೆರಿ ಎಳೀತಿದ್ರು. ನಿನ್ನ ಮದವಿ ಆದ ಮ್ಯಾಲ ಮೀನ ಬೆಳದದ್ದು ನೋಡೀಯೇನ?"

ಇಲ್ಲ, ಬೆಳೆದಿರಲಿಲ್ಲ. ನಾನೂ ಬೆಳೆದಿರಲಿಲ್ಲ.

ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತೆ. ಅವ್ವ ನನ್ನ ತಲೆಯ ಮೇಲೆ ಅಂಗೈ ಇಟ್ಟಳು. ಅವಳ ಬೆರಳಿಗೆ ಮೀನಿನ ಬಾಯಿಯ ಮಸಿ ಹತ್ತಿತು. ಆ ಕೈ ಅಪ್ಪನದಾಗಿದ್ದರೆ ಹಿಡಿದು ಹೇಳುತ್ತಿದ್ದೆ, ನೀ ಸುಳ್ಳ ಹೇಳಿಲ್ಲಪ್ಪ ಎಂದು.