ಗಿರಾಕಿಯ ಕಡೆಗಿದ್ದ ಮಾನಿಟರ್

ಜಯಕ್ಕ, ನಿಮ್ಮ ಎರಡನೇ ಮದುವೆಯ ಸುದ್ದಿ ಹೊರಗೆ ಬಿದ್ದದ್ದು ನಾಗರತ್ನಕ್ಕನಿಂದಲ್ಲ — ನನ್ನಿಂದ. ತರೀಕೆರೆ ಬಸ್‌ಸ್ಟ್ಯಾಂಡ್ ಹಿಂದೆ ಲಗ್ನಪತ್ರಿಕೆ ಟೈಪ್ ಮಾಡುವ, ನೀವು ‘ನಮ್ಮ ಪುಷ್ಪ’ ಅಂತ ಕಂಡಕಂಡವರ ಮುಂದೆ ಹೊಗಳುವ, ಇದೇ ನನ್ನಿಂದ. ಬೇಕೆಂದು ಮಾಡಿದ್ದಲ್ಲ. ಆದರೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು ಮಾತ್ರ ಬೇಕೆಂದೇ.

ನಮ್ಮ ಕಡೆ ಪತ್ರಿಕೆ ಮಾಡಿಸಲು ಒಬ್ಬರೇ ಬರುವುದುಂಟೇ? ಮನೆ ಮಂದಿಯೆಲ್ಲ ಬರುತ್ತಾರೆ. ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಕೆಳಗೆ ಹೋಯಿತು, ಸೋದರಮಾವನನ್ನು ಮರೆತೇಬಿಟ್ಟರು — ಅಚ್ಚಾದ ಮೇಲೆ ಜಗಳವೆಲ್ಲ ನನ್ನ ತಲೆಗೆ. ಅವರು ನನ್ನ ಹೆಗಲ ಮೇಲಿಂದ ಬಗ್ಗಿ ಬಗ್ಗಿ ನೋಡುವುದು ಸಾಕಾಗಿತ್ತು. ಹೊಸ ಕಂಪ್ಯೂಟರ್ ತಂದಾಗ ಹಳೆಯ ಮಾನಿಟರನ್ನೂ ಅದಕ್ಕೇ ಸೇರಿಸಲೆಂದು ಮೇಜಿನ ಆಚೆ ಬದಿಗೆ, ಗಿರಾಕಿಗಳ ಕಡೆ ಮುಖ ಮಾಡಿ ಇಟ್ಟೆ. ನಾನು ಟೈಪ್ ಮಾಡಿದ್ದು ಅವರಿಗೂ ಕಾಣಲಿ, ತಪ್ಪಿದ್ದರೆ ಅಲ್ಲೇ ಹೇಳಲಿ ಅಂತ.

ಅಯ್ಯೋ, ಅದು ಸೇರಿದರೆ ತಾನೆ! ಹೊಸ ಕಂಪ್ಯೂಟರಿನ ಹಿಂದೆ ಮಾನಿಟರ್ ಸಿಕ್ಕಿಸಲು ಇದ್ದದ್ದು ಎರಡೇ ತೂತು — ಒಂದು ಎಚ್‌ಡಿಎಂಐ, ಒಂದು ಡಿಸ್‌ಪ್ಲೇ ಪೋರ್ಟ್. ಹೊಸ ಮಾನಿಟರ್ ಎಚ್‌ಡಿಎಂಐಗೆ ಕೂತಿತು. ಹಳೆಯದಕ್ಕೆ ಇದ್ದದ್ದು ಬರೀ ವಿಜಿಎ, ಆ ನೀಲಿ ಮೂತಿಯ ವೈರು. ಕಡೂರಿಗೆ ಹೋಗಿ ಒಂದು ಕನ್ವರ್ಟರ್ ತಂದರೆ ಅದು ಉಲ್ಟಾ — ಹಳೆಯ ಕಂಪ್ಯೂಟರಿಗೆ ಹೊಸ ಮಾನಿಟರ್ ಹಾಕುವಂಥದ್ದು. ಮತ್ತೆ ಹೋಗಿ ಬದಲಾಯಿಸಿಕೊಂಡು ಬಂದೆ. ಸಿಕ್ಕಿಸಿದೆ, ಬಿಚ್ಚಿದೆ, ಮತ್ತೆ ಸಿಕ್ಕಿಸಿದೆ. ‘ನೋ ಸಿಗ್ನಲ್’ ಅಂತ ತೋರಿಸಿ ಕಪ್ಪಗಾಯಿತು. ಹಾಳಾಗಿ ಹೋಗು ಅಂತ ಬೈದು, ವೈರು ಹಾಗೇ ಬಿಟ್ಟು ಕೂತೆ.

ಅವತ್ತು ಬೆಳಿಗ್ಗೆಯೇ ನೀವು ಬಂದಿರಿ. ಆ ಕಪ್ಪು ಸ್ಕ್ರೀನಿನ ಮುಂದೆಯೇ ಕೂತು, ನಿಮ್ಮ ಹೆಸರು, ಕಡೂರಿನ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದ ಪ್ರಕಾಶರ ಹೆಸರು, ದೇವಸ್ಥಾನ, ಮುಹೂರ್ತ ಎಲ್ಲ ಮೆಲ್ಲಗೆ ಹೇಳಿದಿರಿ. ಗಂಡ ತೀರಿಕೊಂಡು, ಮಗಳೊಂದಿಗೆ ಅತ್ತೆಯ ಮನೆಯಲ್ಲೇ ಉಳಿದ ಮೇಲೆ ನಿಮ್ಮ ಮುಖದಲ್ಲಿ ಆ ಕಳೆ ನಾನು ನೋಡಿರಲಿಲ್ಲ. “ಭಾನುವಾರ ಅತ್ತೆ ಹತ್ರ ಕೂತ್ಕೊಂಡು ನಾನೇ ಹೇಳ್ತೀನಿ ಕಣೇ. ನನ್ನ ಬಾಯಿಂದ ಕೇಳಿದ್ರೆ ಒಪ್ತಾರೆ. ಅಲ್ಲೀವರೆಗೆ ನರಪಿಳ್ಳೆಗೂ ಗೊತ್ತಾಗ್ಬಾರ್ದು” ಅಂದಿರಿ. ಈ ಸಂಬಂಧ ತಂದಿದ್ದ ನಾಗರತ್ನಕ್ಕನಿಗೆ ಗೊತ್ತಿತ್ತು. ನನಗೆ ಗೊತ್ತಾಯಿತು. ಅಷ್ಟೇ.

ಮಧ್ಯಾಹ್ನ ನಿಮ್ಮ ವಾರಗಿತ್ತಿ ಗಿರಿಜಮ್ಮ ಶಿವನಿಯಿಂದ ಬಂದರು. ಮೊಮ್ಮಗುವಿನ ನಾಮಕರಣದ ಕಾರ್ಡು ಬೇಕಿತ್ತು. ಇಲ್ಲಿ ಮುಗಿಸಿ, ಸಂತೆ ಮಾಡಿಕೊಂಡು, ಅತ್ತೆಯನ್ನು ಮಾತಾಡಿಸಿ ಹೋಗುತ್ತೇನೆ ಅಂದರು. ಅಷ್ಟರಲ್ಲಿ ಕರೆಂಟು ಹೋಗಿ ಬಂತು. ಕಂಪ್ಯೂಟರ್ ಮತ್ತೆ ಆನ್ ಆಯಿತು. ನಿಮ್ಮ ಪತ್ರಿಕೆ ಅಳಿಸಿ ಹೋಯಿತೇನೋ ಅಂತ ನನಗೆ ಗಾಬರಿ — ತೆಗೆದು ನೋಡಿದೆ, ಇತ್ತು. ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಓದಿಕೊಂಡೆ.

ಗಿರಿಜಮ್ಮ ಮಾತು ನಿಲ್ಲಿಸಿದ್ದರು. “ಆಮೇಲೆ ಬತ್ತೀನಿ ಕಣಮ್ಮ” ಅಂತ ಎದ್ದರು.

ಅವರು ಮೆಟ್ಟಿಲಿಳಿದ ಮೇಲೆ ಎದ್ದು ಆಚೆ ಬದಿಗೆ ಹೋದೆ. ಬೆಳಿಗ್ಗೆಯೆಲ್ಲ ಸತ್ತಂತೆ ಬಿದ್ದಿದ್ದ ಮಾನಿಟರ್ ಹತ್ತಿಕೊಂಡಿತ್ತು. ಅದರ ತುಂಬ ನಿಮ್ಮಿಬ್ಬರ ಹೆಸರು. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಬೇಕಿತ್ತು, ಅಷ್ಟೇ — ಆ ಬುದ್ಧಿ ನನಗೆ ಬೆಳಿಗ್ಗೆ ಬಂದಿದ್ದರೆ...

ಇಲ್ಲ, ಅದನ್ನು ಹೇಳಿ ತಪ್ಪಿಸಿಕೊಳ್ಳಲಾರೆ. ಅದುವರೆಗೆ ಆದದ್ದು ಪ್ರಮಾದ. ನನ್ನ ಪಾಪ ಶುರುವಾದದ್ದು ಆಮೇಲೆ. ಗಿರಿಜಮ್ಮ ಸಂತೆಗೆ ಹೋಗಿದ್ದರು, ಫೋನು ನನ್ನ ಕೈಯಲ್ಲೇ ಇತ್ತು. “ಅಕ್ಕ, ಹಿಂಗಾಯ್ತು, ಈಗ್ಲೇ ಹೋಗಿ ಅತ್ತೆಗೆ ಹೇಳ್ಬಿಡಿ” — ಇಷ್ಟು ಹೇಳಿದ್ದರೆ ನೀವೇ ಮೊದಲು ಹೇಳಿರುತ್ತಿದ್ದಿರಿ. ಫೋನಿನಲ್ಲಿ ನಿಮ್ಮ ಹೆಸರು ತೆಗೆದೆ, ಒತ್ತಲಿಲ್ಲ. ನೀವು ಬೈಯುತ್ತೀರಿ ಅಂತ ಹೆದರಿದೆ. ಗಿರಿಜಮ್ಮ ಕನ್ನಡಕ ಹಾಕಿರಲಿಲ್ಲ, ಓದಿರಲಾರರು ಅಂತ ನನಗೆ ನಾನೇ ಹೇಳಿಕೊಂಡೆ. ಓದಿದ್ದಾರೆ ಅಂತ ಅವರ ಮುಖ ನೋಡಿಯೇ ಗೊತ್ತಾಗಿತ್ತು, ಜಯಕ್ಕ. ಸಂತೆ ಮುಗಿಯುವ ಹೊತ್ತಾಗುವವರೆಗೂ ಸುಮ್ಮನೆ ಕೂತಿದ್ದೆ.

ಮುಂದಿನದು ನಿಮಗೆ ಗೊತ್ತು. ಗಿರಿಜಮ್ಮ ಸಂತೆಯಿಂದ ನೇರ ಅತ್ತೆಯ ಹತ್ತಿರ ಹೋಗಿ ಹೇಳಿದರು. “ಊರಿಗೆಲ್ಲ ಹೇಳಿ ಕೊನೇಲಿ ನನ್ಗೆ ಹೇಳೋಳಾ ನೀನು? ಹೋಗೋದಾದ್ರೆ ಒಬ್ಳೇ ಹೋಗು. ಮಗು ಈ ಹೊಸ್ತಿಲು ದಾಟಲ್ಲ” ಅಂದರಂತೆ ಅತ್ತೆ. ನೀವು ಮಗಳನ್ನು ಆರಿಸಿಕೊಂಡಿರಿ. ಪ್ರಕಾಶರು ವರ್ಗ ಮಾಡಿಸಿಕೊಂಡು ಹೋದರು, ಬೇರೆ ಮದುವೆಯಾದರು.

ಅವರಿಗೆ ಯಾರು ಹೇಳಿದರು ಅಂತ ಎಷ್ಟು ಕೇಳಿದರೂ ಗಿರಿಜಮ್ಮ ಬಾಯಿ ಬಿಡಲಿಲ್ಲ. ನೀವು ನೇರ ನನ್ನ ಅಂಗಡಿಗೆ ಬಂದು ಕೇಳಿದಿರಿ, “ಗಿರಿಜಕ್ಕ ಇಲ್ಲಿಗೆ ಬಂದಿದ್ರಂತೆ. ಆ ಸ್ಕ್ರೀನಲ್ಲಿ ಏನಾದ್ರೂ ಕಂಡ್ರಾ?”

“ಎಲ್ಲಿ ಕಾಣುತ್ತಕ್ಕ, ಅದು ಕೆಟ್ಟು ಕೂತಿದೆ” ಅಂದೆ.

ನೀವು ಬರುವುದನ್ನು ದೂರದಿಂದಲೇ ಕಂಡು ವೈರು ಕಿತ್ತಿದ್ದೆ. ನೀವು ತಿರುಗಿ ನೋಡಿದಿರಿ — ಕಪ್ಪಗಿತ್ತು, ನಂಬಿದಿರಿ. “ಹಂಗಾದ್ರೆ ನಾಗರತ್ನಾನೇ” ಅಂದಿರಿ. ಆಗಲಾದರೂ... ನಾನು ಏನಂದೆ ನೆನಪಿದೆಯೇ? “ಯಾರನ್ನ ನಂಬೋದೋ ಏನೋ ಅಕ್ಕ.” ಥೂ, ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ನಾಗರತ್ನಕ್ಕ ನಿಮ್ಮ ಬಾಗಿಲಲ್ಲಿ ನಿಂತು ಮಕ್ಕಳ ಮೇಲೆ ಆಣೆ ಇಟ್ಟರು. ನೀವು ಬಾಗಿಲು ಹಾಕಿಕೊಂಡಿರಿ. ಒಳಗೆ ನಿಮ್ಮ ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದವಳು ನಾನು. ಆ ಬೀದಿಯಲ್ಲಿ ತಲೆ ಎತ್ತಲಾಗದೆ ಅವರು ಅಜ್ಜಂಪುರಕ್ಕೆ ಮನೆ ಬದಲಾಯಿಸಿದರು. ಎಷ್ಟೋ ಸಲ ಹೇಳಲು ಹೊರಟೆ. ಪ್ರತಿ ಸಲ ನೀವು “ನಿನ್ನ ಬಿಟ್ರೆ ನನಗ್ಯಾರಿದ್ದಾರೆ ಪುಷ್ಪ” ಅನ್ನುತ್ತಿದ್ದಿರಿ. ನಿಮಗೆ ಯಾರೂ ಇಲ್ಲದ ಹಾಗೆ ಮಾಡಿದವಳೇ ನಾನು, ಅದನ್ನು ಹೇಗೆ ಹೇಳಲಿ?

ನಿನ್ನೆ ನಾಗರತ್ನಕ್ಕ ಅಂಗಡಿಗೆ ಬಂದಿದ್ದರು. ಮಗಳ ಮದುವೆ. ಸ್ವಾಗತ ಕೋರುವವರ ಹೆಸರೆಲ್ಲ ಹೇಳಿ ಮುಗಿಸಿ, “ಜಯನ ಹೆಸ್ರೂ ಹಾಕು” ಅಂದರು. “ಬರಲ್ಲ, ಗೊತ್ತು. ಆದ್ರೂ ನನ್ನ ಮಗಳಿಗೆ ಮೊದಲ್ನೇ ಲಂಗ ಹೊಲ್ದೋಳು ಅವಳು.” ಹಾಕಿದೆ. ಅವರು ತಮ್ಮ ಕಡೆಯ ಸ್ಕ್ರೀನಿನಲ್ಲಿ ನಿಮ್ಮ ಹೆಸರನ್ನು ಎರಡೆರಡು ಸಲ ಓದಿ, “ಸರಿಯಾಗಿದೆ ಕಣಮ್ಮ” ಅಂದರು. ಅವರ ಎದುರಿಗೂ ನಾನು ಹೇಳಲಿಲ್ಲ, ಜಯಕ್ಕ. ಅಷ್ಟು ಹೇಡಿ ನಾನು.

ಪ್ರಕಾಶರನ್ನು ನಾನು ತಂದುಕೊಡಲಾರೆ. ನಿಮ್ಮ ಅತ್ತೆ ನಿಮ್ಮನ್ನು ಮೋಸಗಾತಿ ಅಂದುಕೊಂಡೇ ತೀರಿಹೋದರು, ಅದನ್ನೂ ತಿದ್ದಲಾರೆ. ಹೋದ ವರ್ಷಗಳಂತೂ ಹೋದವು. ನನ್ನನ್ನು ಬೈಯಲು ಈ ಜನ್ಮವೆಲ್ಲ ಇದೆ, ಅಂಗಡಿಯ ಮುಂದೆ ನಿಂತು ನಾಲ್ಕು ಜನ ಕೇಳುವಂತೆ ಬೈಯಿರಿ, ತಲೆ ತಗ್ಗಿಸಿ ನಿಂತಿರುತ್ತೇನೆ. ಕ್ಷಮಿಸಿ ಅಂತಲೂ ಕೇಳುವುದಿಲ್ಲ. ಆದರೆ ಮೊದಲು ನನ್ನ ಹತ್ತಿರ ಬರಬೇಡಿ. ಮೊದಲು ಅಜ್ಜಂಪುರಕ್ಕೆ ಹೋಗಿ. ಅವರು ತಪ್ಪು ಮಾಡಿರಲಿಲ್ಲ, ಜಯಕ್ಕ.