ಸಾಲು ಮುರಿಯದ ಕೊಲೆಗಾರ

ಕ್ಲೆಮೆಂಟ್ ಟಫ್ಲಿಗೆ ಇಪ್ಪತ್ತಮೂರು ವರ್ಷ. ಕ್ರಾಯ್ಡನ್ನಿನ ಗ್ಯಾಸ್ ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತ. ಜನರ ಬೈಗುಳಕ್ಕೆಲ್ಲ ತಲೆಯಾಡಿಸಿ ಆಡಿಸಿ ಅವನ ಕತ್ತೇ ವಿನಯದಿಂದ ಬಾಗಿಹೋಗಿತ್ತು. ಅಂಥವನನ್ನು ಸಿನಿಮಾದವರು ಕೊಲೆಗಾರನ ಪಾತ್ರಕ್ಕೆ ಆರಿಸಿದರು. ಕಾರಣ ಅಭಿನಯವಲ್ಲ, ಬಾಡಿಗೆಗೆ ತಂದಿದ್ದ ಕಪ್ಪು ಕೋಟು ಅವನೊಬ್ಬನ ಮೈಗೇ ಸರಿಹೊಂದಿತು.

ಕಥೆಯಲ್ಲಿ, ಕೊಲೆಯೊಂದನ್ನು ಕಣ್ಣಾರೆ ಕಂಡ ಟೈಪಿಸ್ಟ್ ಹುಡುಗಿ ಮರುದಿನ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. ಅವಳು ಬಸ್ ನಿಲ್ದಾಣದ ಕ್ಯೂನಲ್ಲಿ ಎಲ್ಲರಿಗಿಂತ ಮುಂದೆ ನಿಂತಿರುವಾಗ ಕ್ಲೆಮೆಂಟ್ ಹಿಂದಿನಿಂದ ನುಗ್ಗಿ ಅವಳನ್ನು ಬಸ್ಸಿನಡಿಗೆ ನೂಕಬೇಕು, ನಾಯಕ ಅವಳನ್ನು ಹಿಂದಕ್ಕೆಳೆದು ಉಳಿಸಬೇಕು. ಆಮೇಲೆ ಪರದೆಯ ತುಂಬ ಮೂರು ಸೆಕೆಂಡು ಕ್ಲೆಮೆಂಟನ ಮುಖ. ಆ ಮೂರು ಸೆಕೆಂಡಿಗಾಗಿ ಅವನು ಕಚೇರಿಗೆ ಹಲ್ಲುನೋವೆಂದು ಸುಳ್ಳು ಹೇಳಿ ಬಂದಿದ್ದ. ತಾಯಿ ಇಡೀ ಬೀದಿಗೆ ಸಾರಿಯೂ ಆಗಿತ್ತು.

ಮೊದಲ ಸಲ ಕ್ಲೆಮೆಂಟ್ ಕ್ರೌರ್ಯವನ್ನೆಲ್ಲ ಮುಖಕ್ಕೆ ತಂದುಕೊಂಡು ಬಂದ. ಸಾಲಿನ ತುದಿಗೆ ಬಂದವನೇ ನಿಂತುಬಿಟ್ಟ.

“ಯಾಕಯ್ಯಾ ನಿಂತೆ?” ನಿರ್ದೇಶಕ ಗಾರ್ಸೈಡ್ ಅರಚಿದ.

“ಮುಂದೆ ಐದು ಜನ ಇದಾರೆ, ಸಾರ್.”

“ಅವ್ರು ಬಸ್ಸಿಗೆ ಕಾಯ್ತಿರೋದು ಕಣಯ್ಯಾ, ಕೊಲೆ ಮಾಡೋಕಲ್ಲ! ನುಗ್ಗು!”

ಎರಡನೇ ಸಲ ನುಗ್ಗಿದ. ದಿನಗೂಲಿಗೆ ಕ್ಯೂನಲ್ಲಿ ನಿಂತಿದ್ದ ಮುದುಕಿ ಮಿಸೆಸ್ ಪಿನಕ್ ಕೊಡೆ ಅಡ್ಡ ಹಿಡಿದಳು.

“ಏನಪ್ಪಾ, ನಾವೇನು ಕಣ್ಣಿಗೆ ಕಾಣ್ತಿಲ್ವಾ?”

“ಅಮ್ಮಾ, ನಾನು ಕೊಲೆಗಾರ.”

“ಯಾರ್ ಬೇಡ ಅಂದ್ರು? ನಿನ್ ಸರದಿ ಬಂದಾಗ ಮಾಡು.”

ಉಳಿದವರೂ ಹೌದೌದೆಂದು ಗೊಣಗಿದರು. ಕ್ಲೆಮೆಂಟ್ ಟೋಪಿ ತೆಗೆದು ಕ್ಷಮೆ ಕೇಳಿ ಹಿಂದಕ್ಕೆ ಹೋದ. ಇಷ್ಟು ಸಭ್ಯ ಪಾತಕಿ ಲಂಡನ್ನಿನ ಜೈಲುಗಳಲ್ಲೂ ಸಿಕ್ಕುತ್ತಿರಲಿಲ್ಲ.

ಮೂರನೇ ಸಲಕ್ಕೆ ಗಂಟೆ ನಾಲ್ಕಾಗಲು ಎರಡೇ ನಿಮಿಷವಿತ್ತು. ನಾಲ್ಕಕ್ಕೆ ಚಹಾ, ಆಮೇಲೆ ದೀಪದವರು ರಾಣಿ ಬಂದು ಬೇಡಿದರೂ ಗುಂಡಿ ಒತ್ತುವವರಲ್ಲ. ಬಸ್ಸು ಬಂತು. ಕ್ಲೆಮೆಂಟನ ಕಾಲು ಮುಂದಕ್ಕೆ ಹೋಗಲೇ ಇಲ್ಲ. ನೂಕುವವನಿಗಾಗಿ ಕಾದೂ ಕಾದೂ ಸಾಕ್ಷಿ ಹುಡುಗಿ ಬೇರೆ ದಾರಿಯಿಲ್ಲದೆ ಬಸ್ಸು ಹತ್ತಿದಳು. ಬಸ್ಸು ಹೊರಟಿತು, ಚಹಾದ ಗಾಡಿ ಬಂತು, ದೀಪಗಳು ಆರಿದವು. ಬಸ್ಸು ಸಿಕ್ಕಿದ್ದು ಆ ಒಂದೇ ದಿನಕ್ಕೆ. ಗಾರ್ಸೈಡ್ ಹಲ್ಲು ಕಚ್ಚಿಕೊಂಡು ಅದನ್ನೇ ಸಿನಿಮಾಕ್ಕೆ ಹಾಕಿದ.

ಮೂರು ತಿಂಗಳಾದ ಮೇಲೆ, ಶನಿವಾರ ಮಧ್ಯಾಹ್ನದ ಆಟಕ್ಕೆ ತಾಯಿ ಹನ್ನೊಂದು ಮಂದಿ ನೆರೆಯವರನ್ನು ಕರೆದುಕೊಂಡು ಬಂದಳು. ಪರದೆಯ ಮೇಲೆ ಸಾಕ್ಷಿ ಬಸ್ಸು ಹತ್ತಿ ಬದುಕಿಕೊಂಡಳು. ದೂರದಲ್ಲಿ ಆರು ಟೋಪಿಗಳು ಸಾಲಾಗಿ ಕಂಡವು, ಕೊನೆಯದು ಕ್ಲೆಮೆಂಟನದು. ಅಷ್ಟೇ. ಅವಳ ಜೀವ ಉಳಿಸಿದವನು ತಾನು, ಚಿತ್ರದ ಕೊನೆಗೆ ಅವಳ ಮುತ್ತು ಸಿಕ್ಕಿದ್ದು ಮಾತ್ರ ನಾಯಕನಿಗೆ ಎಂದುಕೊಳ್ಳುತ್ತ ಅವನು ಕುರ್ಚಿಯೊಳಕ್ಕೆ ಇಳಿದುಹೋದ.

ಹೊರಗೆ ಬಂದ ಮೇಲೆ ತಾಯಿ ಕೇಳಿದಳು: “ಮುಖ ಕಾಣಿಸ್ಲೇ ಇಲ್ವಲ್ಲೋ?”

“ಇಲ್ಲಮ್ಮ.”

ಅವಳು ಕೈಗವಸು ಹಾಕಿಕೊಂಡು, ನೆರೆಯವರಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದಳು: “ಹೋಗ್ಲಿ ಬಿಡು. ಕೊಲೆಗಾರ ಆದ್ರೂ ಕ್ಯೂ ಮುರೀಲಿಲ್ಲ ನನ್ ಮಗ.”

ಹನ್ನೊಂದು ಮಂದಿಯೂ ಗಂಭೀರವಾಗಿ ತಲೆಯಾಡಿಸಿದರು.